ನೀಲಿಯ ಕೆಳಗಿನ ಪದರ

ಜನವರಿ 4

ಪುಟ್ಟಿ,

ಫೋನ್ ಮಾಡಿ ಮಾಡಿ ಸಾಕಾಯಿತು. ಹದಿನೆಂಟು ತಿಂಗಳಿಂದ ನೀನು ಎತ್ತಿಲ್ಲ, ಹಾಗಾಗಿ ಈ ಕಾಗದ. ಹರಿದು ಹಾಕುವುದಿದ್ದರೆ ಓದಿದ ಮೇಲೆ ಹರಿ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿಗೆ ನೋವಿದೆ, ಬಾಯಿಗೆ ಯಾವ ನೋವೂ ಇಲ್ಲ. ಮೊನ್ನೆ ಊಟಕ್ಕೆ ಕೂತಾಗ "ಕೆಂಪು ದೀಪ ಉರಿಯತ್ತೆ, ಹಸಿರೂ ಉರಿಯತ್ತೆ, ಈ ನೀಲಿಗೆ ಮಾತ್ರ ಏನೋ ಬಂದಿರೋದು?" ಎಂದು ಕೇಳಿದಳು. ನೀಲಿ ಬೆಳಕಿಗೆ ಶಕ್ತಿ ಹೆಚ್ಚು, ತಾನು ಹುಟ್ಟಿದ ಅಣುವನ್ನೇ ಮುರಿದು ಹಾಕುತ್ತದೆ, ಅದಕ್ಕೇ ಬೇಗ ಸಾಯುತ್ತದೆ ಎಂದು ವಿವರಿಸಿದೆ. "ಸರಿ, ನಮ್ಮನೆ ಮಕ್ಕಳ ಥರ" ಎಂದು ಹೇಳಿ ಕೈ ತೊಳೆಯಲು ಎದ್ದು ಹೋದಳು.

ವಿಷಯಕ್ಕೆ ಬರುತ್ತೇನೆ. ನಮ್ಮ ನೀಲಿ ನಿಲ್ಲುತ್ತಿಲ್ಲ. ನಮ್ಮ ಸಂಶೋಧನಾ ಲೇಖನದಲ್ಲಿ ಪ್ರಕಟಿಸಿದ ಲೆಕ್ಕದಂತೆ ದೀಪದ ಹೊಳಪು ಹತ್ತರಲ್ಲೊಂದು ಪಾಲು ಕುಗ್ಗಲು ಆರುನೂರು ಗಂಟೆ ಹಿಡಿಯಬೇಕು. ಈಗ ಎಂಬತ್ತು ಗಂಟೆಗೆ ಕುಗ್ಗಿ ಕೂರುತ್ತಿದೆ. ಅದೇ ಪುಡಿ, ಅದೇ ಚೇಂಬರ್, ಅದೇ ಏಳು ಪದರ, ಅದೇ ಅಳತೆ. ಮಾರ್ಚ್ 20ಕ್ಕೆ ಟಿವಿ-ಫೋನ್ ಪರದೆ ಮಾಡುವ ಕಂಪನಿಯವರು ಕಣ್ಣಾರೆ ನೋಡಲು ಬರುತ್ತಾರೆ. ಅವರು ಒಪ್ಪದಿದ್ದರೆ ಸಂಸ್ಥೆಯವರು ಈ ಪ್ರಯೋಗಾಲಯಕ್ಕೆ ಬೀಗ ಹಾಕುತ್ತಾರೆ. ಆ ಅಣುವನ್ನು ಕಟ್ಟಲು ನಾನು ಹನ್ನೊಂದು ವರ್ಷ ಸವೆಸಿದ್ದೇನೆ, ನಿನಗೆ ಗೊತ್ತು.

ಚೇಂಬರ್ ನಡೆಸುತ್ತಿದ್ದವಳು ನೀನು. ನೋಟ್‌ಬುಕ್‌ನಲ್ಲಿ ಬರೆಯದೆ ಬಿಟ್ಟದ್ದು ಏನಾದರೂ ಇದ್ದರೆ ತಿಳಿಸು. ಮನೆಯ ವಿಷಯ ಬೇರೆ, ಕೆಲಸದ ವಿಷಯ ಬೇರೆ.

ನಿನ್ನ ಅಣ್ಣ

—

ಜನವರಿ 16

ಅಣ್ಣನಿಗೆ,

ಕಾಗದ ಹರಿದಿಲ್ಲ. ಅಮ್ಮನ ಮಾತಿದ್ದ ಭಾಗಕ್ಕಾಗಿ ಇಟ್ಟುಕೊಂಡಿದ್ದೇನೆ.

ಮನೆಯ ವಿಷಯ ಬೇರೆ, ಕೆಲಸದ ವಿಷಯ ಬೇರೆ ಎಂದು ಬರೆದಿದ್ದೀಯ. ಹನ್ನೆರಡು ಜನರ ಮುಂದೆ, ದೀಪ ಸತ್ತ ಗಾಜಿನ ತುಂಡುಗಳ ತಟ್ಟೆ ಎತ್ತಿ ಹಿಡಿದು, "ನಿನ್ನ ಕೈಯೇ ಸರಿಯಿಲ್ಲ, ಪುಡಿ ಏನ್ ಮಾಡತ್ತೆ ಪಾಪ" ಎಂದು ಹೇಳಿ ಕೆಲಸದಿಂದ ತೆಗೆದವನು ನೀನು. ಅದೇ ಸಂಜೆ ಮನೆಯಲ್ಲಿ ಏನೂ ಆಗಿಲ್ಲವೆಂಬಂತೆ ಉಪ್ಪು ಕೊಡು ಎಂದು ಕೈ ಚಾಚಿದವನೂ ನೀನೇ. ಹಾಗೆ ಬೇರೆ ಮಾಡಿಕೊಳ್ಳುವುದು ನಿನಗೆ ಬರುತ್ತದೆ. ನನಗೆ ಬರುವುದಿಲ್ಲ.

ಈಗ ನಾನು ಕನ್ನಡಕದ ಗಾಜಿಗೆ ಲೇಪ ಹಿಡಿಸುವ ಕಾರ್ಖಾನೆಯಲ್ಲಿದ್ದೇನೆ. ಇಲ್ಲೂ ಚೇಂಬರ್ ಇದೆ, ಪಂಪಿನ ಗುಂಯ್‌ಗುಡುವಿಕೆ ಇದೆ. ಗಾಜು ಉಜ್ಜುವ ಯಜಮಾನರೊಬ್ಬರು ಊಟದ ಡಬ್ಬಿ ಬಿಚ್ಚುತ್ತಾ, ಮೊದಲು ಏನು ಮಾಡಿಕೊಂಡಿದ್ದೆ ಎಂದು ಕೇಳಿದರು. ಹೇಳಿದೆ: ಗಾಳಿಯೇ ಇಲ್ಲದ ಒಂದು ಉಕ್ಕಿನ ಡಬ್ಬಿ. ತಳದಲ್ಲಿ ಬೆರಳುದ್ದದ ಮೂಸೆಗಳು, ಒಂದೊಂದರಲ್ಲಿ ಒಂದೊಂದು ಪುಡಿ. ಕಾಯಿಸಿದರೆ ಪುಡಿ ಹಬೆಯಾಗಿ ಎದ್ದು, ಮೇಲೆ ಬೋರಲು ಕೂರಿಸಿದ ಗಾಜಿಗೆ ಅಂಟುತ್ತದೆ. ಒಂದೊಂದು ಮೂಸೆಗೂ ಒಂದು ಮುಚ್ಚಳ, ಅದಕ್ಕೆ ಶಟರ್ ಅನ್ನುತ್ತೇವೆ. ತೆರೆದರೆ ಪದರ ಬೆಳೆಯುತ್ತದೆ, ಮುಚ್ಚಿದರೆ ನಿಲ್ಲುತ್ತದೆ. ಏಳು ಪದರ ಒಟ್ಟು ಸೇರಿದರೂ ಒಂದು ಕೂದಲಿನ ದಪ್ಪದ ಐನೂರರಲ್ಲೊಂದು ಪಾಲೂ ಆಗುವುದಿಲ್ಲ.

"ಅಷ್ಟು ತೆಳ್ಳಗಿರೋದಕ್ಕೆ ಒಡಹುಟ್ಟಿದವರು ಜಗಳ ಆಡ್ಕೊಂಡ್ರಾ?" ಎಂದರು ಅವರು.

ನೋಟ್‌ಬುಕ್‌ನಲ್ಲಿರುವುದೆಲ್ಲ ನೀನು ಬರೆಸಿದ್ದೇ. ಅದನ್ನೇ ಓದಿಕೋ. ಅಮ್ಮನ ಮಂಡಿಗೆ ಒಳ್ಳೆಯ ಡಾಕ್ಟರಿಗೆ ತೋರಿಸು.

ಇಂತಿ,
ನಿನ್ನ ತಂಗಿ

—

ಜನವರಿ 28

ಪುಟ್ಟಿ,

ನಿನ್ನ ಕಾಗದ ಓದಿ ಮೈ ಉರಿಯಿತು. ಕಷ್ಟ ಎಂದು ಬರೆದರೆ ಉಪ್ಪಿನ ಕಥೆ ಹೇಳುತ್ತೀಯ.

ಸರಿ, ನೀನು ಹೇಳದಿದ್ದರೇನು, ನಾನೇ ಹುಡುಕಿದೆ. ಪುಡಿಯನ್ನು ಮೂರು ಸಲ ಶುದ್ಧ ಮಾಡಿಸಿದೆ. ದಪ್ಪ ಅಳೆಯುವ ಹರಳು ಹೊಸದು ಹಾಕಿಸಿದೆ. ಪಂಪಿನ ಎಣ್ಣೆ ಬದಲಾಯಿಸಿದೆ. ತುಂಡುಗಳನ್ನು ಇಡುವ ಗ್ಲೋವ್ ಬಾಕ್ಸ್ ಪೆಟ್ಟಿಗೆಯೊಳಗೆ ತೇವ ಬರುತ್ತಿದೆಯೇನೋ ಎಂದು ಅದರ ಕೈಗವಸುಗಳನ್ನು ಸಹ ಬಿಚ್ಚಿ ನೀರಲ್ಲಿ ಅದ್ದಿ ಗುಳ್ಳೆ ಬರುತ್ತದೆಯೇ ನೋಡಿದೆ. ಎಲ್ಲ ಸರಿಯಿದೆ. ಎಲ್ಲ ಸರಿಯಿದ್ದ ಮೇಲೆ ಉಳಿಯುವುದು ಒಂದೇ.

ಈಗ ಚೇಂಬರ್ ನಡೆಸುತ್ತಿರುವವಳು ನೀನು ಹೋದ ಮೇಲೆ ಬಂದ ಮೂರನೆಯ ಆಪರೇಟರ್. ಮೊದಲು ಬಂದವನು ಟಿವಿ ರಿಪೇರಿ ಮಾಡಿಕೊಂಡಿದ್ದವನು, ಕೆಲಸ ಮಾಡುವಾಗ ಗುನುಗುತ್ತಿದ್ದ, ಗಮನವಿಲ್ಲ ಎಂದು ತೆಗೆದೆ. ಎರಡನೆಯವಳು ಶ್ರದ್ಧೆಯವಳೇ, ಆದರೆ ಅವಳ ಕೈಯಲ್ಲೂ ಎಂಬತ್ತೇ ಗಂಟೆ. ಅವಳನ್ನೂ ಕಳಿಸಿದೆ. ಈ ಮೂರನೆಯವಳಿಗೆ ಮೂವತ್ತೈದು ದಾಟಿದೆ, ಮನೆಯಲ್ಲಿ ದುಡಿಯುವವಳು ಇವಳೊಬ್ಬಳೇ ಅಂತೆ. ಪಾಪ ಅನ್ನಿಸುತ್ತದೆ, ಆದರೆ ಪಾಪ ಅನ್ನುವುದರಿಂದ ದೀಪ ಉರಿಯುವುದಿಲ್ಲ. ಆಪರೇಟರ್ ಕೈಚಳಕದ ಕೊರತೆಯೇ ಕಾರಣ ಎಂದು ವರದಿ ಬರೆದಿಟ್ಟಿದ್ದೇನೆ. ಮಾರ್ಚ್ 1ಕ್ಕೆ ನಿರ್ದೇಶಕರ ಮೇಜಿಗೆ ಹೋಗುತ್ತದೆ. ಕಂಪನಿಯವರ ಬಳಿ ಒಂದಷ್ಟು ಸಮಯವಾದರೂ ಕೇಳಬಹುದು.

ಅಮ್ಮನನ್ನು ಡಾಕ್ಟರಿಗೆ ತೋರಿಸಿಯಾಯಿತು. ನಡೆಯಬೇಕು ಎಂದರು. ನಡೆಯುತ್ತಿಲ್ಲ.

ಅಣ್ಣ

—

ಫೆಬ್ರವರಿ 5

ಅಣ್ಣ,

ಮೂರನೆಯವಳು ಎಂದು ಓದಿ ತುಂಬಾ ಹೊತ್ತು ಕಾಗದ ಕೈಯಲ್ಲಿ ಹಿಡಿದು ಕೂತಿದ್ದೆ. ಇನ್ನಿಬ್ಬರು ಹೋದದ್ದು ನೀನು ಬರೆದ ಮೇಲೇ ಗೊತ್ತಾಯಿತು.

ಆ ವರದಿ ಕಳಿಸಬೇಡ. ನಿನ್ನನ್ನು ನಾನು ಏನನ್ನೂ ಕೇಳಿದವಳಲ್ಲ, ಇದೊಂದು ಕೇಳುತ್ತಿದ್ದೇನೆ.

ನೀಲಿಯ ಪದರ ಹಾಕುವಾಗ ಎರಡು ಶಟರ್‌ಗಳನ್ನು ಯಾವ ಕ್ರಮದಲ್ಲಿ ತೆರೆಯುತ್ತಾಳೆ ಎಂದು ಅವಳನ್ನು ಕೇಳು. ಕೇಳುವಾಗ ಅವಳ ಬೆನ್ನ ಹಿಂದೆ ನಿಂತುಕೊಳ್ಳಬೇಡ.

ತಂಗಿ

—

ಫೆಬ್ರವರಿ 14

ಪುಟ್ಟಿ,

ಕೇಳಿದೆ. "ಎರಡೂ ಒಟ್ಟಿಗೇ ಸರ್. ನೋಟ್‌ಬುಕ್ಕಲ್ಲಿ ಹಾಗೇ ಇದೆಯಲ್ಲ ಸರ್, ಹಂಗೇ ಮಾಡ್ತಿದೀನಿ" ಎಂದಳು. ಹೇಳುತ್ತಲೇ ಅದನ್ನು ತೆರೆದು ಆ ಸಾಲಿನ ಮೇಲೆ ಬೆರಳಿಟ್ಟಳು. ನಾನು ಹಿಂದೆಯೇ ನಿಂತಿದ್ದೆ, ಅಭ್ಯಾಸಬಲ. ಆಮೇಲೆ ನೆನಪಾಗಿ ಪಕ್ಕಕ್ಕೆ ಬಂದೆ.

ಒಟ್ಟಿಗೆ ತೆರೆಯುವುದರಲ್ಲಿ ತಪ್ಪೇನಿದೆ? ಆ ಪದರ ಎರಡು ಪುಡಿಗಳ ಬೆರಕೆ, ಒಟ್ಟಿಗೆ ತೆರೆಯದೆ ಹೇಗೆ ಬೆರೆಯಬೇಕು? ಅದನ್ನು ನಾನೇ ಎಷ್ಟು ಸಲ ಹೇಳಿಕೊಟ್ಟಿಲ್ಲ? ಒಗಟು ಹಾಕಬೇಡ. ವರದಿ ಇನ್ನೂ ನನ್ನ ಚೀಲದಲ್ಲೇ ಇದೆ. ದಿನಗಳು ಓಡುತ್ತಿವೆ.

ಅಣ್ಣ

—

ಫೆಬ್ರವರಿ 21

ಅಣ್ಣ,

ಹೇಳುತ್ತೇನೆ. ಬಾಯಿ ಹಾಕದೆ ಪೂರ್ತಿ ಓದು. ಕಾಗದದಲ್ಲಿ ಆ ಅನುಕೂಲವಾದರೂ ಇದೆ.

ನೀಲಿ ಪುಡಿ ಹಟಮಾರಿ. ಅದರ ಶಟರ್ ತೆಗೆದ ಕೂಡಲೇ ಒಂದಿಷ್ಟು ಹಬೆ ಒಮ್ಮೆಲೇ ನುಗ್ಗುತ್ತದೆ. ಅದು ನೂರಕ್ಕೆ ಹತ್ತು ಪಾಲು ಮಾತ್ರ ಇರಬೇಕಾದದ್ದು. ಉಳಿದ ತೊಂಬತ್ತು ಪಾಲು ಅದನ್ನು ಹಿಡಿದಿಟ್ಟುಕೊಳ್ಳುವ ಬಿಳಿ ಪುಡಿ. ಎರಡನ್ನೂ ಒಟ್ಟಿಗೆ ತೆರೆದರೆ ಮೊದಲ ಕ್ಷಣಗಳಲ್ಲಿ ನೀಲಿಯದೇ ಕಾರುಬಾರು. ಅದು ನನಗೆ ಸರಿಬರುತ್ತಿರಲಿಲ್ಲ. ಹಾಗಾಗಿ ಮೊದಲು ಬಿಳಿ ಪುಡಿಯ ಶಟರ್ ತೆಗೆದು, ಮನಸ್ಸಿನಲ್ಲೇ ಇಪ್ಪತ್ತೈದು ಎಣಿಸಿ, ಅದು ಹದಕ್ಕೆ ಬಂದ ಮೇಲೆ ನೀಲಿಯದನ್ನು ತೆಗೆಯುತ್ತಿದ್ದೆ. ಎಂದರೆ ನೀಲಿಯ ಕೆಳಗೆ ಬರೀ ಬಿಳಿ ಪುಡಿಯ ಒಂದು ಪದರ ಕೂರುತ್ತಿತ್ತು, ಎರಡೂವರೆ ನ್ಯಾನೋಮೀಟರ್. ನೀನು ಏಳು ಪದರ ಎಂದು ಬರೆದೆಯಲ್ಲ, ಅವು ಎಂಟು.

ನೀನು ಒಂದು ಸಲ ನೋಡಿ ಹಿಡಿದೆ. "ಏನಿದು ಕೊಳಕು ಪದರ? ಡಿಸೈನ್ ಮಾಡೋನು ನಾನಾ ನೀನಾ?" ಎಂದು ಕೂಗಾಡಿದೆ. ನೋಟ್‌ಬುಕ್ ಮುಂದಿಟ್ಟು "ಒಟ್ಟಿಗೆ" ಎಂದು ಬರೆಸಿದೆ. ಅವತ್ತಿನಿಂದ ನೀನು ಹಿಂದೆ ನಿಂತಿದ್ದರೆ ಒಟ್ಟಿಗೆ ತೆರೆಯುತ್ತಿದ್ದೆ. ನೀನು ಇಲ್ಲದಿದ್ದರೆ ನನ್ನ ರೀತಿ. ನೋಟ್‌ಬುಕ್‌ನಲ್ಲಿ ಮಾತ್ರ ಎರಡೂ ಥರದ ದಿನ ಬರೆದದ್ದು ಒಂದೇ ಮಾತು, "ಒಟ್ಟಿಗೆ".

ಲೇಖನಕ್ಕೆ ಹೋದ ಆರುನೂರು ಗಂಟೆಯ ತುಂಡುಗಳನ್ನು ನಾನು ಮಾಡಿದ್ದು ಅಮ್ಮನ ಕಣ್ಣಿನ ಆಪರೇಷನ್ ವಾರದಲ್ಲಿ. ನೀನು ಆಸ್ಪತ್ರೆಯಲ್ಲಿದ್ದೆ. ನೀನು ತಟ್ಟೆಯಲ್ಲಿ ಎತ್ತಿ ಹಿಡಿದು ತೋರಿಸಿದೆಯಲ್ಲ, ಆ ಸತ್ತ ತುಂಡುಗಳನ್ನು ಮಾಡಿದ ದಿನ ಬೆಳಗಿನಿಂದ ಸಂಜೆಯವರೆಗೆ ನೀನು ನನ್ನ ಭುಜದ ಮೇಲೆ ಉಸಿರಾಡುತ್ತಾ ನಿಂತಿದ್ದೆ. ನಾನು ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನೋಟ್‌ಬುಕ್‌ನ ಸುಳ್ಳು ಹೊರಗೆ ಬರುತ್ತಿತ್ತು.

ಇದು ಹೊರಬಿದ್ದರೆ ನನಗೂ ಕಷ್ಟ. ಇಲ್ಲಿ ನನ್ನನ್ನು ಲಾಗ್ ಪುಸ್ತಕದ ಮೇಲ್ವಿಚಾರಣೆಗೆ ಹಾಕಿದ್ದಾರೆ. ಬರೆದದ್ದನ್ನು ನಂಬಬಹುದಾದ ಹೆಂಗಸು ಎಂದು. ನಗು ಬರುತ್ತಿದೆಯಾ? ನನಗೆ ಬರಲಿಲ್ಲ.

ಅವಳಿಗೆ ಹೇಳಿ ಒಂದು ಸಲ ಮಾಡಿಸಿ ನೋಡು. ಗೆದ್ದರೆ ಲೇಖನ ತಪ್ಪು ಎಂದು ಪತ್ರಿಕೆಗೆ ಬರೆದು ಕಳಿಸು, ಕಂಪನಿಯವರಿಗೂ ಅವರು ಬರುವ ದಿನವೇ ಹೇಳು. ಅದಕ್ಕೆ ಒಪ್ಪುವುದಾದರೆ ಮಾತ್ರ ಮಾಡಿಸು.

ತಂಗಿ

—

ಮಾರ್ಚ್ 6

ಪುಟ್ಟಿ,

ಉರಿಯುತ್ತಿದೆ! ನೀನು ಹೇಳಿದ ಹಾಗೆ ಆಪರೇಟರ್ ಹನ್ನೆರಡು ತುಂಡು ಮಾಡಿದಳು. ಅವಳು ಮಾಡುವಾಗ ನಾನು ಕಾರಿಡಾರಿನಲ್ಲಿ ಸ್ಟೂಲ್ ಹಾಕಿಕೊಂಡು ಕೂತಿದ್ದೆ, ಹೆರಿಗೆ ವಾರ್ಡಿನ ಹೊರಗೆ ಕೂತವನಂತೆ. ಇವತ್ತಿಗೆ ನೂರ ತೊಂಬತ್ತು ಗಂಟೆ. ಹೊಳಪು ಇನ್ನೂ ನೂರಕ್ಕೆ ತೊಂಬತ್ತೇಳು. ವರದಿಯನ್ನು ಹರಿದು ಹಾಕಿದೆ.

ಯಾಕೆ ಎಂಬುದೂ ಹೊಳೆಯಿತು. ನೀಲಿ ಅಣುಗಳು ಕೆಳಗಿನ ಪದರಕ್ಕೆ ನೇರವಾಗಿ ತಾಗಿಕೊಂಡಿದ್ದರೆ ಆ ಅಂಚಿನಲ್ಲಿಯೇ ವಿದ್ಯುತ್ತೂ ಬೆಳಕೂ ಗುದ್ದಾಡಿ ಎರಡೂ ಪದರ ಹಾಳಾಗುತ್ತವೆ. ನಿನ್ನ ಬಿಳಿ ಪದರ ನಡುವೆ ಗೋಡೆಯಂತೆ ನಿಲ್ಲುತ್ತದೆ. ಹನ್ನೊಂದು ವರ್ಷ ನಾನು ಅಣುವನ್ನೇ ತಿದ್ದುತ್ತಾ ಕೂತೆ. ತಿದ್ದಬೇಕಾಗಿದ್ದದ್ದು ಅದರ ನೆರೆಹೊರೆಯನ್ನು.

ಈಗ ಇನ್ನೊಂದು ಮಾತು. ಕೋಪ ಮಾಡಿಕೊಳ್ಳಬೇಡ. ಮಾರ್ಚ್ 20ಕ್ಕೆ ಇನ್ನು ಎರಡೇ ವಾರ. ಬಂದವರಿಗೆ ಮೊದಲನೇ ಮಾತಿಗೇ "ನಮ್ಮ ಲೇಖನ ತಪ್ಪು" ಎಂದರೆ ಅವರು ಚಹಾ ಸಹ ಕುಡಿಯದೆ ಎದ್ದು ಹೋಗುತ್ತಾರೆ. ತುಂಡುಗಳನ್ನು ಮೊದಲೇ ಮಾಡಿ ಇಟ್ಟಿರುತ್ತೇವೆ, ಉರಿಯುವುದನ್ನಷ್ಟೇ ಅವರು ನೋಡಲಿ. ಸಹಿ ಆಗಲಿ. ಆಮೇಲೆ ನಿಧಾನವಾಗಿ, ಸುಧಾರಿಸಿದ ವಿಧಾನ ಎಂದು ಎಂಟನೆಯ ಪದರದ ಬಗ್ಗೆ ಹೊಸ ಲೇಖನ ಬರೆಯೋಣ, ನಿನ್ನ ಹೆಸರೂ ಇರುತ್ತದೆ. ಹಳೆಯ ನೋಟ್‌ಬುಕ್ ಯಾರೂ ತೆಗೆದು ನೋಡುವುದಿಲ್ಲ. ನಿನ್ನ ಕೆಲಸಕ್ಕೂ ಕುತ್ತು ಬರುವುದಿಲ್ಲ. ನಾನು ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ.

ಅವಳು ಮಾತ್ರ "ಸರ್, ಲಾಗ್‌ನಲ್ಲಿ ಏನಂತ ಬರೀಲಿ? ಒಟ್ಟಿಗೆ ಅಂತಲಾ, ಮಾಡಿದ ಹಾಗಾ?" ಎಂದು ಕೇಳಿದಳು. ಸದ್ಯಕ್ಕೆ ಆ ಸಾಲು ಖಾಲಿ ಬಿಡು ಎಂದಿದ್ದೇನೆ.

ನೀನು ಸುಮ್ಮನಿದ್ದರೆ ಎಲ್ಲ ಸರಿಹೋಗುತ್ತದೆ.

ನಿನ್ನ ಅಣ್ಣ

—

ಮಾರ್ಚ್ 10

ಅಣ್ಣ,

ನೂರ ತೊಂಬತ್ತು ಗಂಟೆ ಎಂದು ಓದಿದಾಗ ನಿಂತಲ್ಲೇ ಚಪ್ಪಾಳೆ ತಟ್ಟಿದೆ. ಗಾಜು ಉಜ್ಜುವ ಯಜಮಾನರು ತಿರುಗಿ ನೋಡಿದರು. ಆಮೇಲೆ ಕೆಳಗಿನ ಪ್ಯಾರಾ ಓದಿದೆ.

ಆ ಖಾಲಿ ಸಾಲಿನಲ್ಲಿ ಒಂದು ಕಾಲದಲ್ಲಿ ನಾನು ಸುಳ್ಳು ಬರೆದೆ. ಈಗ ಅವಳಿಂದ ಬರೆಸಲು ಹೊರಟಿದ್ದೀಯ. ಅವಳು ಕೇಳಿದಳಲ್ಲ, ಏನಂತ ಬರೀಲಿ ಎಂದು! ನನಗೆ ಅವತ್ತು ಆ ಒಂದು ಪ್ರಶ್ನೆ ಕೇಳುವ ಧೈರ್ಯ ಬಂದಿದ್ದರೆ ನಾವಿಬ್ಬರೂ ಇವತ್ತು ಒಂದೇ ಮನೆಯಲ್ಲಿ ಊಟ ಮಾಡುತ್ತಿದ್ದೆವು. ಕೇಳಿದವಳಿಗೆ ಖಾಲಿ ಬಿಡು ಎಂದು ಹೇಳುತ್ತೀಯಲ್ಲ, ನಾಚಿಕೆ ಆಗುವುದಿಲ್ಲವೇ ನಿನಗೆ? ನಾಳೆ ಇನ್ನೇನೋ ಕೆಟ್ಟರೆ ಆ ಖಾಲಿ ಸಾಲು ಅವಳ ತಲೆಗೇ ಬರುತ್ತದೆ. ನಿನ್ನ ತಲೆಗೆ ಬರುವುದಿಲ್ಲ.

ನನ್ನ ಕೆಲಸ ಉಳಿಸುತ್ತೇನೆ ಎಂದಿದ್ದೀಯ. ಆ ಭಾರ ನಿನಗೆ ಬೇಡ. ನಿನ್ನ ಕಾಗದ ಬಂದ ಮಧ್ಯಾಹ್ನವೇ ಮ್ಯಾನೇಜರ್ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಪೆನ್ನಿನ ಮುಚ್ಚಳ ತಿರುಗಿಸುತ್ತಾ ಕೇಳಿಸಿಕೊಂಡರು. "ಹೇಳಿದ್ದು ಒಳ್ಳೇದಾಯ್ತಮ್ಮ. ಆದ್ರೆ ಲಾಗ್ ಪುಸ್ತಕದ ಕಪಾಟಿನ ಕೀ ಸದ್ಯಕ್ಕೆ ನನ್ನ ಹತ್ರ ಇರ್ಲಿ" ಎಂದರು. ಕೊಟ್ಟು ಬಂದೆ. ಈಗ ಲೇಪದ ಸಾಲಿನಲ್ಲಿ ಎಲ್ಲರಂತೆ ನಿಲ್ಲುತ್ತೇನೆ.

ಹಾಗಾಗಿ ನಿನಗೆ ಈಗ ನನ್ನ ನೆಪವೂ ಇಲ್ಲ. ನೀನು ಮಾತ್ರ ಉಳಿದಿದ್ದೀಯ.

ತಂಗಿ

—

ಮಾರ್ಚ್ 22

ಪುಟ್ಟಿ,

ಹೇಳಿಬಿಟ್ಟೆ.

19ನೇ ತಾರೀಖಿನವರೆಗೂ ಹೇಳುವುದಿಲ್ಲ ಎಂದೇ ಇದ್ದೆ. 20ರ ಬೆಳಿಗ್ಗೆ ಅವರು ಆರು ಜನ ಬಂದು ಕೂತರು. ಅವರಲ್ಲಿ ಹಿರಿಯರು, ನರೆಗೂದಲಿನ ಒಬ್ಬ ಹೆಂಗಸು, ನಮ್ಮ ಲೇಖನವನ್ನು ಸಾಲು ಸಾಲಿಗೂ ಗೆರೆ ಎಳೆದುಕೊಂಡು ತಂದಿದ್ದರು. "ಶಟರ್‌ಗಳನ್ನ ಒಟ್ಟಿಗೆ ತೆಗೀತೀರಿ ಅಲ್ವಾ?" ಎಂದು ಅವರು ಕೇಳಿದ್ದು ನನ್ನನ್ನಲ್ಲ, ಆಪರೇಟರನ್ನು. ಅವಳು ನನ್ನ ಮುಖ ನೋಡಿದಳು. ಆ ನೋಟ ನಾನು ಮೊದಲೂ ಕಂಡಿದ್ದೇನೆ, ಪುಟ್ಟಿ. ಆಗ ಅದು ಏನೆಂದು ಗೊತ್ತಾಗಿರಲಿಲ್ಲ.

"ಇಲ್ಲ. ಲೇಖನ ತಪ್ಪು. ನಾನು ತಪ್ಪು ಬರೆಸಿದೆ" ಎಂದೆ. ಎಂಟನೆಯ ಪದರದ ಬಗ್ಗೆ, ನಿನ್ನ ಬಗ್ಗೆ, ನೋಟ್‌ಬುಕ್ ಬಗ್ಗೆ ಎಲ್ಲ ಹೇಳಿದೆ. ನಿರ್ದೇಶಕರ ಮುಖ ನೋಡಲಾಗಲಿಲ್ಲ. ಆ ಹಿರಿಯರು ಫೈಲು ಮುಚ್ಚಿ "ಹಾಗಾದ್ರೆ ನಾವು ಯಾವ ದೀಪ ನೋಡೋಕೆ ಇಷ್ಟು ದೂರ ಬಂದ್ವಿ?" ಎಂದರು. ಆಮೇಲೆ ಅವರೇ, ನಮ್ಮ ಮುಂದೆಯೇ ಮಾಡಿ ತೋರಿಸಿ ಎಂದರು.

ಆಪರೇಟರ್ ಎಲ್ಲರಿಗೂ ಗೋಡೆಯ ಪಕ್ಕಕ್ಕೆ ನಿಲ್ಲಲು ಹೇಳಿ, ಒಂದು ಶಟರ್ ತೆಗೆದು, ಗಟ್ಟಿಯಾಗಿ ಇಪ್ಪತ್ತೈದು ಎಣಿಸಿ, ಇನ್ನೊಂದನ್ನು ತೆಗೆದಳು. ಮುಗಿದ ಮೇಲೆ ಮಾಡಿದ ಹಾಗೆಯೇ ಲಾಗ್‌ನಲ್ಲಿ ಬರೆದಳು. ಖಾಲಿ ಬಿಟ್ಟಿದ್ದ ಹಳೆಯ ಸಾಲನ್ನೂ ಅವತ್ತೇ ತುಂಬಿದಳು. ನಾನು ಸಹಿ ಹಾಕಿದೆ.

ಒಪ್ಪಂದ ಆಗಲಿಲ್ಲ. ಲೇಖನದ ತಿದ್ದುಪಡಿ ಪ್ರಕಟವಾದ ಮೇಲೆ, ದೀಪ ಆರುನೂರು ಗಂಟೆ ದಾಟಿದರೆ ಮತ್ತೆ ಬರುತ್ತೇವೆ ಎಂದು ಹೋದರು. ವಿಚಾರಣೆ ಮುಗಿಯುವವರೆಗೆ ನಾನು ಮುಖ್ಯಸ್ಥನಲ್ಲ. ನನ್ನ ಕೋಣೆ ಖಾಲಿ ಮಾಡಿ ಮೂಸೆ ತೊಳೆಯುವ ಕೋಣೆಯ ಮೂಲೆಯಲ್ಲಿ ಮೇಜು ಹಾಕಿಕೊಂಡಿದ್ದೇನೆ.

ತಿದ್ದುಪಡಿಯ ಕರಡು ಇದರ ಜೊತೆ ಇಟ್ಟಿದ್ದೇನೆ. ಅದರಲ್ಲಿ ಹೀಗಿದೆ: "ಪ್ರಯೋಗಾಲಯದ ಮುಖ್ಯಸ್ಥರ ಭಯದಿಂದ ಆಗಿನ ಆಪರೇಟರ್ ಈ ಹಂತವನ್ನು ದಾಖಲಿಸಲಿಲ್ಲ. ಇದರ ಪೂರ್ಣ ಹೊಣೆ ಮುಖ್ಯಸ್ಥರದು." ನಿನ್ನ ಸಹಿ ಬೇಕು. ನಿನಗೆ ಅವಮಾನ ಮಾಡಿದ್ದು ತಪ್ಪು. ನನ್ನನ್ನು ಕ್ಷಮಿಸು ಎಂದು ಎದುರಿಗೆ ನಿಂತು ಹೇಳಬೇಕು, ಸದ್ಯಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಅಮ್ಮನಿಗೆ ಎಲ್ಲ ಹೇಳಿದೆ. ಅವಳು ಎದ್ದು ಹೋಗಿ ಬೀದಿಯ ಕೊನೆಯವರೆಗೆ ನಡೆದು ಬಂದಳು.

ನಿನ್ನ ಅಣ್ಣ

—

ಮಾರ್ಚ್ 29

ಅಣ್ಣ,

ನಿನ್ನ ಕಾಗದ ಓದಿ ಅತ್ತೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಯಾರು ಹೋಗಿಬಿಟ್ಟರು ಎಂದು ಕೇಳಿದರು. ಯಾರೂ ಇಲ್ಲ, ಅಣ್ಣ ಸಿಕ್ಕಿದ ಎಂದೆ.

ಕರಡಿಗೆ ಸಹಿ ಹಾಕಿಲ್ಲ. ಆ ವಾಕ್ಯ ಪೂರ್ತಿ ನಿಜವಲ್ಲ.

ಭಯ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನನ್ನು ತೆಗೆದ ಮೇಲೆ ಯಾವ ಭಯ? ಆಗ ಹೇಳಬಹುದಿತ್ತು. ನಾನಿಲ್ಲದೆ ನಿನ್ನ ನೀಲಿ ಉರಿಯಬಾರದು ಎಂದು ಆಸೆಪಟ್ಟೆ. ನೀನು ಫೋನ್ ಮಾಡಿದಾಗಲೆಲ್ಲ ಅದು ಸತ್ತಿದೆ ಎಂದು ಗೊತ್ತಾಗುತ್ತಿತ್ತು. ಮನಸ್ಸಿಗೆ ಹಿತವಾಗುತ್ತಿತ್ತು, ಅಣ್ಣ. ಅದಕ್ಕೇ ಎತ್ತುತ್ತಿರಲಿಲ್ಲ.

ಇನ್ನೊಂದನ್ನು ನಿನಗೆ ಯಾರೂ ಹೇಳಿರಲಾರರು. ಆ ಎರಡನೆಯ ಆಪರೇಟರ್ ಕಳೆದ ಬೇಸಿಗೆಯಲ್ಲಿ ನನ್ನ ನಂಬರ್ ಹೇಗೋ ಹುಡುಕಿಕೊಂಡು ಫೋನ್ ಮಾಡಿದ್ದಳು. "ಅಕ್ಕಾ, ನೀವು ಅದನ್ನ ಹೇಗೆ ಮಾಡ್ತಿದ್ರಿ? ನಂಗೆ ಬರ್ತಾನೇ ಇಲ್ಲ ಅಕ್ಕಾ" ಎಂದಳು. ನಾನು ಇಪ್ಪತ್ತೈದು ಎಣಿಸು ಎಂದರೆ ಸಾಕಿತ್ತು. "ನಂಗೇನೂ ನೆನಪಿಲ್ಲಮ್ಮ" ಎಂದು ಹೇಳಿ ಇಟ್ಟೆ. ಅವಳನ್ನು ನೀನು ಕಳಿಸಿದ್ದು ಅದಾದ ಮೇಲೆ ಎಂದು ಕಾಣುತ್ತದೆ.

ಕರಡಿನಲ್ಲಿ "ಭಯದಿಂದ" ಎಂಬುದರ ಪಕ್ಕದಲ್ಲಿ "ಮತ್ತು ಹಗೆಯಿಂದ" ಎಂದು ನನ್ನ ಕೈಯಲ್ಲೇ ಬರೆದಿದ್ದೇನೆ. ಹೊಣೆ ಇಬ್ಬರದು ಎಂದೂ ತಿದ್ದಿದ್ದೇನೆ. ಒಪ್ಪಿಗೆಯಾದರೆ ಅಚ್ಚು ಮಾಡಿಸಿ ಕಳಿಸು, ಸಹಿ ಹಾಕುತ್ತೇನೆ. ಅಮ್ಮನಿಗೂ ಇದನ್ನು ಓದಿ ಹೇಳು.

ಜೊತೆಗೆ ಆ ಇಬ್ಬರ ವಿಳಾಸ ಕಳಿಸು, ಗುನುಗುತ್ತಿದ್ದವನದು, ಅವಳದು. ಅವರಿಗೆ ನೀನು ಬರೆಯಬೇಡ. ನಾನೇ ಬರೆಯುತ್ತೇನೆ.

ನಿನ್ನ ಪುಟ್ಟಿ